ಕೀಲಿಕೈ ನಿಮ್ಮಲ್ಲಿ, ಮನೆ ಯಾರಲ್ಲಿ?

ರಮಝಾನ್ ಹಬ್ಬದ ಎರಡನೆಯ ಅಥವಾ ಮೂರನೆಯ ದಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಪಟ್ಟಣಗಳ ಹೊರವಲಯದಲ್ಲಿ ಪ್ರತಿ ವರ್ಷವೂ ಒಂದು ದೃಶ್ಯ ಕಾಣಸಿಗುತ್ತದೆ. ಬಂಧುಗಳ ಮನೆಗಳಲ್ಲಿ ಶೀರ್ ಖುರ್ಮಾ ಕುಡಿದು ಮುಗಿದ ಮೇಲೆ, ಬೆಂಗಳೂರಿನಿಂದಲೋ ಗಲ್ಫ್‌ನಿಂದಲೋ ಬಂದ ಯಜಮಾನರು ಮಡದಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು 'ನಮ್ಮ ಸೈಟ್' ತೋರಿಸಲು ಹೊರಡುತ್ತಾರೆ. ಅಲ್ಲಿಗೆ ಹೋದರೆ ಸೈಟು ಕಾಣುವುದಿಲ್ಲ, ಬಳ್ಳಾರಿ ಜಾಲಿಯ ಪೊದೆ ಕಾಣುತ್ತದೆ. ನಾಲ್ಕು ಮೂಲೆಗೆ ನೆಟ್ಟಿದ್ದ ಕಲ್ಲುಗಳಲ್ಲಿ ಎರಡು ಇಲ್ಲ. ಪಕ್ಕದವರ ಕಾಂಪೌಂಡು ಮೂರಡಿ ಒಳಗೆ ಸರಿದಂತಿದೆ. ಯಜಮಾನರು ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದು, ಜೊತೆಗೆ ಬಂದ ತಮ್ಮನ ಹೆಗಲ ಮೇಲೆ ಕೈಯಿಟ್ಟು, "ಸ್ವಲ್ಪ ನೋಡಿಕೋಪ್ಪಾ" ಎನ್ನುತ್ತಾರೆ. ಮರುದಿನ ಕಾರು ಹೆದ್ದಾರಿ ಸೇರುತ್ತದೆ. ಮುಂದಿನ ಹಬ್ಬದ ತನಕ ಆ ಆಸ್ತಿಯ ಆಡಳಿತ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಸಮುದಾಯದ ಬಡತನದ ಬಗ್ಗೆ, ಉದ್ಯೋಗದ ಬಗ್ಗೆ, ಪ್ರಾತಿನಿಧ್ಯದ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ, ಭಾಷಣ ಮಾಡಿದ್ದೇವೆ. ಆದರೆ ಸಮುದಾಯದ ಕೈಗೆ ಬಂದ ಅಷ್ಟಿಷ್ಟು ಸಂಪತ್ತು ಎಲ್ಲಿ ಹೋಗಿ ನಿಲ್ಲುತ್ತಿದೆ, ಯಾರ ಕೈಯಲ್ಲಿ ಕರಗುತ್ತಿದೆ ಎಂಬ ಬಗ್ಗೆ ಮಾತನಾಡಲು ಹಿಂಜರಿಯುತ್ತೇವೆ. ಏಕೆಂದರೆ ಆ ಮಾತು ನೇರವಾಗಿ ನಮ್ಮ ಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ನೋಡಿಕೊಳ್ಳಲು ಸಾಧ್ಯವಾಗದ ಆಸ್ತಿಯನ್ನು ದೂರದಿಂದ ಕೊಳ್ಳುವುದು, ಹಂಚಬೇಕಾದ ಆಸ್ತಿಯನ್ನು ಹಂಚದೆ ಬೀಗ ಹಾಕಿ ಹೋಗುವುದು, ಇವೆರಡೂ ಉಳಿತಾಯವಲ್ಲ. ಇವು ನಮ್ಮ ಮಕ್ಕಳಿಗಾಗಿ ನಾವು ಕೂಡಿಡುತ್ತಿರುವ ವ್ಯಾಜ್ಯಗಳು.

ಸೈಟು ಕೊಳ್ಳುವ ಈ ಹಂಬಲಕ್ಕೆ ಕಾರಣಗಳಿವೆ. ಅವನ್ನು ಹಗುರವಾಗಿ ಕಾಣಬಾರದು. ಬಡ್ಡಿಯಿಂದ ದೂರವಿರಬೇಕೆಂದು ಬಯಸುವವನು ಬ್ಯಾಂಕಿನ ನಿಶ್ಚಿತ ಠೇವಣಿಗೆ ಹೋಗಲಾರ. ಷೇರು ಪೇಟೆಯೆಂದರೆ ಅವನಿಗೆ ಜೂಜಿನ ಅನುಮಾನ. ದಮ್ಮಾಮ್‌ನಲ್ಲಿ ಲಾರಿ ಓಡಿಸುವವನು, ಬೆಂಗಳೂರಿನಲ್ಲಿ ಗ್ಯಾರೇಜು ಇಟ್ಟವನು, ಹಣ್ಣಿನ ಮಂಡಿಯ ವ್ಯಾಪಾರಿ, ಇವರೆಲ್ಲರ ಪಾಲಿಗೆ ಉಳಿತಾಯದ ಒಂದೇ ದಾರಿ ಎಂದರೆ ಊರ ಕಡೆ ಒಂದು ನಿವೇಶನ. ಮಣ್ಣು ಮೋಸ ಮಾಡುವುದಿಲ್ಲ ಎಂಬುದು ಹಿರಿಯರ ನಂಬಿಕೆ. ನಿಜ, ಮಣ್ಣು ಮೋಸ ಮಾಡುವುದಿಲ್ಲ. ಮಣ್ಣಿನ ಕಾಗದ ಮಾಡುತ್ತದೆ, ಮಣ್ಣನ್ನು ನೋಡಿಕೊಳ್ಳುವ ಮನುಷ್ಯ ಮಾಡುತ್ತಾನೆ, ಎಲ್ಲಕ್ಕಿಂತ ಹೆಚ್ಚಾಗಿ ಒಡೆಯನ ಉದಾಸೀನ ಮಾಡುತ್ತದೆ.

ದಲ್ಲಾಳಿಯ ಮಾತು, ಕಾನೂನಿನ ಮಾತು

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ದಲ್ಲಾಳಿಗಳ ಬಳಿ ಮಾತಿಗೆ ಬರವಿಲ್ಲ. ತುಮಕೂರು–ರಾಯದುರ್ಗ ರೈಲು ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹೋಗುತ್ತದೆ. ತುಮಕೂರು–ದಾವಣಗೆರೆ ರೈಲು ಶಿರಾ ಮೇಲೆ ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿ 48 ಶಿರಾದಲ್ಲಿ ಈಗಾಗಲೇ ಇದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಕೊರಟಗೆರೆಗೆ ಹತ್ತಿರ. ಬೆಂಗಳೂರಿನ ಎರಡನೆಯ ವಿಮಾನ ನಿಲ್ದಾಣವೂ ಈ ಕಡೆಗೇ ಬರುತ್ತದಂತೆ! ಇವುಗಳಲ್ಲಿ ಕೊನೆಯದನ್ನು ಬಿಟ್ಟರೆ ಉಳಿದವು ಸುಳ್ಳಲ್ಲ. ಆದರೆ ರಾಯದುರ್ಗದ ರೈಲು ಮಾರ್ಗ ಮಂಜೂರಾಗಿ ಒಂದೂವರೆ ದಶಕ ಕಳೆದ ಮೇಲೂ ಕೆಲಸ ಪೂರ್ಣಗೊಂಡಿರಲಿಲ್ಲ ಎಂಬುದನ್ನು ದಲ್ಲಾಳಿ ಹೇಳುವುದಿಲ್ಲ. ರೈಲು ಬರುವ ದಿನಾಂಕಕ್ಕೂ ನಮ್ಮ ಮಗಳ ಮದುವೆಯ ದಿನಾಂಕಕ್ಕೂ ಸಂಬಂಧವಿಲ್ಲ ಎಂಬುದನ್ನು ನಾವೂ ಯೋಚಿಸುವುದಿಲ್ಲ.

ದೂರದಲ್ಲಿರುವ ಕೊಳ್ಳುಗ ದಲ್ಲಾಳಿಗೆ ಅಚ್ಚುಮೆಚ್ಚು. ಅವನು ಜಾಗವನ್ನು ಎರಡು ಬಾರಿ ನೋಡುವುದಿಲ್ಲ, ಕಾಗದವನ್ನು ಒಂದು ಬಾರಿಯೂ ಓದುವುದಿಲ್ಲ. ಭೂ ಪರಿವರ್ತನೆಯಾಗದ ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ 'ರೆವಿನ್ಯೂ ಸೈಟ್' ಎಂಬ ಹೆಸರಿನಲ್ಲಿ ಮಾರುತ್ತಾರೆ. ನೋಂದಣಿ ಆಗದಿದ್ದರೆ ಜಿಪಿಎ ಎಂದು ಎಲ್ಲರೂ ಕರೆಯುವ ಅಧಿಕಾರ ಪತ್ರವನ್ನೂ ಒಂದು ಕರಾರು ಪತ್ರವನ್ನೂ ಕೈಗಿಟ್ಟು "ಇದೇ ಕ್ರಯಪತ್ರ ಇದ್ದ ಹಾಗೆ" ಎನ್ನುತ್ತಾರೆ. ಇದ್ದ ಹಾಗೆ ಅಲ್ಲ. ಇಂತಹ ಕಾಗದಗಳಿಂದ ಒಡೆತನ ವರ್ಗಾವಣೆ ಆಗುವುದಿಲ್ಲ ಎಂದು 2011ರಲ್ಲಿಯೇ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಇ-ಖಾತೆ ಇಲ್ಲದ ಪಟ್ಟಣದ ಆಸ್ತಿಯ ನೋಂದಣಿಗೆ 2024ರಿಂದ ರಾಜ್ಯದಲ್ಲಿ ಬಾಗಿಲು ಮುಚ್ಚಿದೆ. ಅಂದು ಕಡಿಮೆ ಬೆಲೆಗೆ ಸಿಕ್ಕಿತೆಂದು ಹಿಗ್ಗಿದವರು ಇಂದು ಮಾರಲೂ ಆಗದೆ, ಮನೆ ಕಟ್ಟಲೂ ಆಗದೆ ಕಚೇರಿಗಳಿಗೆ ಅಲೆಯುತ್ತಿದ್ದಾರೆ.

ಇನ್ನು ಹೊಲ ಕೊಳ್ಳುವವರು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು 2020ರ ತಿದ್ದುಪಡಿ ದಾರಿ ತೆರೆಯಿತು. ಆದರೆ ವಿದೇಶದಲ್ಲಿ ದುಡಿಯುವ ಅನಿವಾಸಿ ಭಾರತೀಯನಿಗೆ ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಕೊಳ್ಳಲು ವಿದೇಶಿ ವಿನಿಮಯ ಕಾನೂನು ಈಗಲೂ ಅವಕಾಶ ಕೊಡುವುದಿಲ್ಲ. ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು ಅಷ್ಟೇ. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದೆಯಲ್ಲ ಎಂಬ ಸಮಾಧಾನ ಇಲ್ಲಿ ನಡೆಯದು. ಹಾಗೆಯೇ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆ ನಿಷೇಧಿಸಿದೆ. ಆ ಭೂಮಿಯನ್ನು ಮರಳಿ ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಬಡವನ ಅಸಹಾಯಕತೆಯನ್ನು ಬಳಸಿಕೊಂಡು ಕಡಿಮೆ ಬೆಲೆಗೆ ಕೊಂಡ ನೆಲ ಕೈಬಿಟ್ಟು ಹೋದರೆ ಅದನ್ನು ಅನ್ಯಾಯ ಎನ್ನಲಾದೀತೆ? ಕೊಳ್ಳುವ ಮುನ್ನ ಮೂಲ ಮಂಜೂರಾತಿ ಕಡತ ನೋಡದವನ ತಪ್ಪಿಗೆ ಕಾನೂನನ್ನು ದೂರುವುದು ಸಲ್ಲದು.

'ನೋಡಿಕೋ' ಎಂಬ ಒಂದು ಮಾತು

ಕೊಂಡದ್ದಾಯಿತು. ಮುಂದೆ ನೋಡಿಕೊಳ್ಳುವವರು ಯಾರು? ಊರಲ್ಲೇ ಉಳಿದ ತಮ್ಮ, ಭಾವಮೈದುನ, ಅಕ್ಕನ ಮಗ. ಅವನಿಗೆ ಸಂಬಳವಿಲ್ಲ, ಬರಹವಿಲ್ಲ, ಅಧಿಕಾರದ ಮಿತಿಯಿಲ್ಲ. ಬಾಡಿಗೆದಾರನ ಮನೆಯ ನಲ್ಲಿ ಕೆಟ್ಟರೆ ಅವನು ಓಡಬೇಕು, ಪುರಸಭೆಯ ಕಂದಾಯಕ್ಕೆ ಸಾಲಿನಲ್ಲಿ ನಿಲ್ಲಬೇಕು, ಬೇಲಿ ಮುರಿದವನೊಡನೆ ಜಗಳವಾಡಬೇಕು. ವರ್ಷಕ್ಕೊಮ್ಮೆ ಒಂದು ಅತ್ತರಿನ ಸೀಸೆ, ಒಂದು ಕಂಬಳಿ ಅವನಿಗೆ ಬಹುಮಾನ. ಹತ್ತು ವರ್ಷ ಹೀಗೆ ದುಡಿದವನು ಬಾಡಿಗೆಯಲ್ಲಿ ಒಂದಿಷ್ಟನ್ನು ತನ್ನ ಮನೆಯ ಖರ್ಚಿಗೆ ಬಳಸಿಕೊಂಡರೆ ಅಣ್ಣನ ದೃಷ್ಟಿಯಲ್ಲಿ ಅವನು ಕಳ್ಳ. ಹತ್ತು ವರ್ಷ ಪುಕ್ಕಟೆ ದುಡಿಸಿಕೊಂಡ ಅಣ್ಣ ತಮ್ಮನ ದೃಷ್ಟಿಯಲ್ಲಿ ಶೋಷಕ. ಇಬ್ಬರೂ ಅರ್ಧ ಸರಿ, ಇಬ್ಬರ ಬಳಿಯೂ ಒಂದು ತುಂಡು ಕಾಗದವಿಲ್ಲ. ಅಬ್ಬಾನ ಜನಾಝಾದಲ್ಲಿ ಹೆಗಲು ಕೊಟ್ಟ ಸೋದರರು ಅಬ್ಬಾ ಬಿಟ್ಟುಹೋದ ಮನೆಯ ವಿಚಾರದಲ್ಲಿ ನ್ಯಾಯಾಲಯದಲ್ಲಿ ಎದುರುಬದುರಾಗುವುದು ಹೀಗೆ.

ಗೋವಾದ ಒಬ್ಬ ಸೋದರಿಯ ಪ್ರಕರಣ ಇಲ್ಲಿ ಉಲ್ಲೇಖಾರ್ಹ. ಬೇರೆಡೆ ವಾಸವಾಗಿದ್ದ ಆಕೆ ತನ್ನ ಮನೆಯನ್ನು ನೋಡಿಕೊಳ್ಳಲು ಒಡಹುಟ್ಟಿದವನಿಗೇ ಬಿಟ್ಟಿದ್ದಳು. ಕೊನೆಗೆ ಸ್ವಾಧೀನ ತನ್ನದೆಂದು ಆತನೇ ದಾವೆ ಹೂಡಿದ. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾವಲುಗಾರ, ಮೇಲ್ವಿಚಾರಕ ಅಥವಾ ಸೇವಕನಾಗಿ ಬಂದವನು ಎಷ್ಟೇ ವರ್ಷ ಇದ್ದರೂ ಆ ಆಸ್ತಿಯಲ್ಲಿ ಹಕ್ಕು ಗಳಿಸುವುದಿಲ್ಲ ಎಂದು 2012ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಸೋದರಿ ಗೆದ್ದಳು. ಆದರೆ ಒಂದು ಮನೆಗಾಗಿ ಅಕ್ಕ ತಮ್ಮಂದಿರು ದೆಹಲಿಯ ತನಕ ಹೋಗಿ ಗೆದ್ದದ್ದೇನು, ಸೋತದ್ದೇನು ಎಂಬುದನ್ನು ಯಾವ ತೀರ್ಪಿನ ಪ್ರತಿಯೂ ಹೇಳುವುದಿಲ್ಲ.

ಇದರಿಂದ ಧೈರ್ಯ ತಂದುಕೊಂಡು ಮಲಗುವಂತಿಲ್ಲ. ಅನುಮತಿಯ ಮೇಲೆ ಬಂದವನ ವಿಚಾರ ಬೇರೆ, ಅನುಮತಿಯಿಲ್ಲದೆ ನಿಮ್ಮ ಜಾಗದಲ್ಲಿ ಬಹಿರಂಗವಾಗಿ, ನಿಮ್ಮ ಹಕ್ಕನ್ನು ಅಲ್ಲಗಳೆದು 12 ವರ್ಷ ನೆಲೆಯೂರಿದವನ ವಿಚಾರ ಬೇರೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಆ 12 ವರ್ಷಗಳ ಒಳಗೆ ಒಡೆಯ ನ್ಯಾಯಾಲಯಕ್ಕೆ ಹೋಗದಿದ್ದರೆ ಅವನ ಹಕ್ಕೇ ಅಳಿಸಿ ಹೋಗಬಹುದು. ಹಾಗೆ ನೆಲೆಯೂರಿದವನು ತಾನೇ ದಾವೆ ಹೂಡಿ ಒಡೆತನ ಕೇಳಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹನ್ನೆರಡು ವರ್ಷವೆಂದರೆ ಗಲ್ಫ್‌ನಲ್ಲಿರುವವನ ಲೆಕ್ಕದಲ್ಲಿ ಆರು ರಜೆ. ಮೂರಡಿ ಒಳಗೆ ಸರಿದ ಆ ಕಾಂಪೌಂಡನ್ನು ನೋಡಿ ಚಿತ್ರ ತೆಗೆದು ಹೋದವರು ಇದನ್ನು ನೆನಪಿಡಬೇಕು.

ಭೋಗ್ಯವೆಂಬ ಅನುಕೂಲ

ತಿಂಗಳು ತಿಂಗಳು ಬಾಡಿಗೆ ವಸೂಲಿ ಮಾಡುವ ತಾಪತ್ರಯವೇ ಬೇಡವೆಂದು ಅನೇಕರು ಮನೆಯನ್ನು ಭೋಗ್ಯಕ್ಕೆ ಹಾಕುತ್ತಾರೆ. ಎಂಟು ಲಕ್ಷ ರೂಪಾಯಿ ಪಡೆದು ಮನೆಯನ್ನು ಮೂರು ವರ್ಷಕ್ಕೆ ಕೊಟ್ಟರು ಎಂದಿಟ್ಟುಕೊಳ್ಳೋಣ. ಬಾಡಿಗೆಯಿಲ್ಲ, ಅವಧಿ ಮುಗಿದಾಗ ಎಂಟು ಲಕ್ಷ ಪೂರ್ತಿ ಹಿಂದಿರುಗಿಸಬೇಕು. ದೂರದಲ್ಲಿರುವ ಒಡೆಯನಿಗೆ ಇದು ಬಹಳ ಅನುಕೂಲವೆನಿಸುತ್ತದೆ. ಆದರೆ ಆ ಎಂಟು ಲಕ್ಷ ಮಗಳ ಮದುವೆಗೋ, ಇನ್ನೊಂದು ಸೈಟಿನ ಮುಂಗಡಕ್ಕೋ ಹೋಗಿರುತ್ತದೆ. ಮೂರು ವರ್ಷದ ನಂತರ ಹಣವಿಲ್ಲ. ಇನ್ನೊಬ್ಬ ಭೋಗ್ಯದಾರನಿಂದ ಹತ್ತು ಲಕ್ಷ ಪಡೆದು ಮೊದಲಿನವನಿಗೆ ಎಂಟು ಲಕ್ಷ ಕೊಡುತ್ತಾರೆ. ಹೀಗೆ ಮನೆ ನಮ್ಮದೆಂದು ಹೇಳಿಕೊಳ್ಳುತ್ತಲೇ ನಾವು ಸಾಲಗಾರರಾಗಿ ಸಾಯುತ್ತೇವೆ.

ಸಾಲದ ಹಣಕ್ಕೆ ಪ್ರತಿಯಾಗಿ ಮನೆಯ ಉಪಯೋಗ ಕೊಡುವುದು ಬಡ್ಡಿಯ ಇನ್ನೊಂದು ರೂಪವೆಂದು ಉಲಮಾಗಳಲ್ಲಿ ಬಹುತೇಕರು ಎಚ್ಚರಿಸುತ್ತಲೇ ಬಂದಿದ್ದಾರೆ. ಬಡ್ಡಿ ಬೇಡವೆಂದು ಬ್ಯಾಂಕಿಗೆ ಬೆನ್ನು ತಿರುಗಿಸಿ ನಿವೇಶನ ಕೊಂಡವನು, ಅದೇ ನಿವೇಶನದ ಮೇಲೆ ಕಟ್ಟಿದ ಮನೆಯನ್ನು ಭೋಗ್ಯಕ್ಕೆ ಹಾಕಿದರೆ ಅವನು ತಪ್ಪಿಸಿಕೊಂಡದ್ದಾದರೂ ಏನನ್ನು? ಧರ್ಮದ ಮಾತನ್ನು ಒಂದು ಕ್ಷಣ ಬದಿಗಿಟ್ಟರೂ ವ್ಯವಹಾರದ ಮಾತು ಅದೇ: ಬಾಡಿಗೆ ಆದಾಯ, ಭೋಗ್ಯ ಸಾಲ. ಸಾಲವನ್ನು ಆದಾಯವೆಂದು ತಿಳಿದ ಮನೆ ಉದ್ಧಾರವಾಗದು.

ಪಾವಗಡ ಕಲಿಸಿದ ಪಾಠ

ದೂರದಿಂದ ನೆಲದ ಒಡೆಯನಾಗುವುದು ಎಂದರೇನು ಎಂಬುದಕ್ಕೆ ನಮ್ಮ ಜಿಲ್ಲೆಯೇ ಎರಡು ಪಾಠಗಳನ್ನು ಕೊಟ್ಟಿದೆ.

ಮೊದಲನೆಯದು 1974ರದು. ದೇವರಾಜ ಅರಸರ ಸರ್ಕಾರ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ತಂದ ಭೂ ಸುಧಾರಣೆಯ ತಿದ್ದುಪಡಿ ಉಳುವವನಿಗೆ ನೆಲದ ಒಡೆತನ ಕೊಟ್ಟಿತು. ಪಟ್ಟಣದಲ್ಲಿ ಕುಳಿತು ಗೇಣಿ ಎಣಿಸುತ್ತಿದ್ದವರು, ಹಿಂದೂಗಳಾಗಲಿ ಮುಸ್ಲಿಮರಾಗಲಿ, ನೆಲ ಕಳೆದುಕೊಂಡರು. ಇಂದಿಗೂ ಕೆಲವು ಮನೆಗಳಲ್ಲಿ ಅದನ್ನು ನೆನೆದು ನಿಟ್ಟುಸಿರು ಬಿಡುವವರಿದ್ದಾರೆ. ಬೆವರು ಸುರಿಸಿದವನಿಗೆ ನೆಲ ಸಿಕ್ಕಿದ್ದರಲ್ಲಿ ಅನ್ಯಾಯವೇನಿಲ್ಲ. ಆ ಕಾನೂನಿನಂತೆ ಕೃಷಿ ಭೂಮಿಯನ್ನು ಗುತ್ತಿಗೆಗೆ ಕೊಡುವುದಕ್ಕೆ, ಯೋಧರು ಮತ್ತು ನಾವಿಕರನ್ನು ಬಿಟ್ಟು, ಉಳಿದವರಿಗೆ ಅವಕಾಶವಿಲ್ಲ. ಆದರೂ ಇಂದು ಹೊಲ ಕೊಂಡವರು ಅದನ್ನು ಬಾಯಿಮಾತಿನ ಮೇಲೆ ವಾರಕ್ಕೋ ಗುತ್ತಿಗೆಗೋ ಕೊಟ್ಟು ಬೆಂಗಳೂರಿನಲ್ಲಿರುತ್ತಾರೆ. ಕಾನೂನು ಒಪ್ಪದ ಕರಾರಿನ ಮೇಲೆ ಜಗಳ ಬಂದರೆ ಯಾವ ನ್ಯಾಯಾಲಯದ ಮುಂದೆ ನಿಲ್ಲುತ್ತಾರೆ?

ಎರಡನೆಯ ಪಾಠ ಪಾವಗಡದ ಸೌರ ವಿದ್ಯುತ್ ಪಾರ್ಕಿನದು. ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ ಮುಂದಿನ ವರ್ಷದ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ತಲುಪಿದ ಯೋಜನೆ. ಇಲ್ಲಿ ನೆಲವನ್ನು ರೈತರಿಂದ ಕಸಿದುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆಯೊಡನೆ, 28 ವರ್ಷಗಳಿಗೆ ಗುತ್ತಿಗೆ ಪಡೆಯಲಾಯಿತು. ಬರದಿಂದ ಶೇಂಗಾ ಬೆಳೆಯೂ ಕೈಕೊಡುತ್ತಿದ್ದ ಸೀಮೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಊರಲ್ಲಿದ್ದರೂ ಬೇರೆಡೆ ಇದ್ದರೂ ಒಡೆಯನಿಗೆ ಹಣ ಬರುತ್ತದೆ. ದೂರದ ಒಡೆತನಕ್ಕೆ ಇದಕ್ಕಿಂತ ಸುಲಭದ ಏರ್ಪಾಡು ಇನ್ನೊಂದಿಲ್ಲ.

ಆದರೆ ಆ ಹಣ ಯಾರಿಗೆ ಹೋಯಿತು? ಪಹಣಿಯಲ್ಲಿ ಹೆಸರಿದ್ದವನಿಗೆ. ಅಜ್ಜನ ಹೆಸರಿನಲ್ಲೇ ಪಹಣಿ ಉಳಿಸಿಕೊಂಡವನ ಜೊತೆ, ಪೌತಿ ಖಾತೆ ಮಾಡಿಸದವನ ಜೊತೆ ಯಾರು ಕರಾರು ಮಾಡಿಕೊಳ್ಳುತ್ತಾರೆ? ಮತ್ತೊಂದು ಕಡೆ, ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂರಹಿತರಿಗೆ ಕೆಲಸವೂ ಹೋಯಿತು, ಗುತ್ತಿಗೆಯ ಹಣವೂ ಇಲ್ಲ. ಕಾಗದ ಸರಿಯಿದ್ದವನಿಗೆ ದೂರವು ತೊಡಕಲ್ಲ, ಕಾಗದವಿಲ್ಲದವನಿಗೆ ನೆಲದ ಮೇಲೇ ನಿಂತಿದ್ದರೂ ಪ್ರಯೋಜನವಿಲ್ಲ ಎಂಬ ಕಟು ಸತ್ಯವನ್ನು ಆ ಗಾಜಿನ ಫಲಕಗಳು ಹೇಳುತ್ತಿವೆ.

ಹಂಚದ ಮನೆ, ಕೇಳದ ಸೋದರಿ

ಈಗ ಎಲ್ಲಕ್ಕಿಂತ ನೋವಿನ ವಿಷಯಕ್ಕೆ ಬರೋಣ. ಈ ಬರಹಗಾರನ ಮನೆಯ ಕತೆಯೂ ಇದರಿಂದ ಹೊರತಲ್ಲ. ಮಧುಗಿರಿಯಲ್ಲಿ ನಮ್ಮ ದಾದಾ ಕಟ್ಟಿಸಿದ ಒಂದು ಹೆಂಚಿನ ಮನೆಯಿತ್ತು. ಅವರು ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಗಂಡು ಮಕ್ಕಳು ಒಬ್ಬೊಬ್ಬರಾಗಿ ಬೆಂಗಳೂರು ಸೇರಿದರು. ಮನೆಗೆ ಬೀಗ ಬಿತ್ತು, ಕೀಲಿಕೈ ದೊಡ್ಡಪ್ಪನ ಬೀರುವಿನಲ್ಲಿ. ಖಾತೆ ದಾದಾನ ಹೆಸರಿನಲ್ಲೇ ಉಳಿಯಿತು. ಕೊರಟಗೆರೆಗೆ ಮದುವೆಯಾಗಿ ಹೋಗಿದ್ದ ನನ್ನ ಫೂಫಿ ವಿಧವೆಯಾಗಿ, ಬೀಡಿ ಕಟ್ಟಿ ನಾಲ್ಕು ಮಕ್ಕಳನ್ನು ಸಾಕಿದರು. ಪ್ರತಿ ಹಬ್ಬಕ್ಕೂ ತವರಿನವರು ಅವರಿಗೆ ಸೀರೆ ಕೊಟ್ಟರು. ಪಾಲು ಯಾರೂ ಕೊಡಲಿಲ್ಲ, ಅವರೂ ಕೇಳಲಿಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯ. ಅವರು ಕಣ್ಣುಮುಚ್ಚಿ ಕೆಲವು ವರ್ಷಗಳಾದ ಮೇಲೆ ಮನೆ ಮಾರಲು ಹೊರಟಾಗ ವಾರಸುದಾರರ ಸಂಖ್ಯೆ ಹದಿನೇಳಕ್ಕೆ ಏರಿತ್ತು. ಹದಿನೇಳು ಸಹಿಗಳಿಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಹಿಂದಿನ ಗೋಡೆ ಕುಸಿದಿತ್ತು. ಫೂಫಿಯ ಪಾಲು ಅವರ ಮಕ್ಕಳಿಗೆ ಸಿಕ್ಕಿತು. ಆದರೆ ಅವರ ಮಾತ್ರೆಗೆ, ಗಂಜಿಗೆ ಬೇಕಾದ ದಿನಗಳಲ್ಲಿ ಆ ಹಣ ಮಧುಗಿರಿಯ ಒಂದು ಬೀಗದ ಹಿಂದೆ ಇತ್ತು.

ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಮದ್ರಸದಲ್ಲಿ ವಾರಸುಹಕ್ಕಿನ ಲೆಕ್ಕವನ್ನು ಕಂಠಪಾಠ ಮಾಡಿದವನು ನಾನು. ಪತ್ನಿ, ಇಬ್ಬರು ಗಂಡು ಮಕ್ಕಳು, ಒಬ್ಬ ಮಗಳನ್ನು ಬಿಟ್ಟು ಒಬ್ಬ ತೀರಿಕೊಂಡರೆ, ಸಾಲ ಮತ್ತು ವಸಿಯ್ಯತ್ ತೀರಿದ ಮೇಲೆ ಉಳಿದ ಆಸ್ತಿ 40 ಲಕ್ಷ ರೂಪಾಯಿಯದಾದರೆ ಪತ್ನಿಗೆ ಎಂಟನೆಯ ಒಂದು ಭಾಗ 5 ಲಕ್ಷ, ಗಂಡು ಮಕ್ಕಳಿಗೆ ತಲಾ 14 ಲಕ್ಷ, ಮಗಳಿಗೆ 7 ಲಕ್ಷ. ಎರಡು ನಿಮಿಷದ ಲೆಕ್ಕ. ಇದನ್ನು ನಲವತ್ತನೆಯ ದಿನ ಮಾಡಿದರೆ ನಾಲ್ಕು ಸಹಿ ಸಾಕು, ನಲವತ್ತು ವರ್ಷ ತಡಮಾಡಿದರೆ ನಾಲ್ಕು ಹತ್ತಾಗುತ್ತದೆ, ಹತ್ತು ಹದಿನೇಳಾಗುತ್ತದೆ.

ಕೆಲವರು ಹಬ್ಬದ ಹಿಂದಿನ ದಿನ ಸೋದರಿಯರನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. "ಅವಳೇ ಮಾಫ್ ಮಾಡಿದ್ದಾಳೆ" ಎನ್ನುತ್ತಾರೆ. ಮೊದಲು ಪಾಲನ್ನು ಅವಳ ಕೈಗೆ ಕೊಡಿ, ಆನಂತರ ಅವಳು ಇಚ್ಛೆಯಿಂದ ಮರಳಿ ಕೊಟ್ಟರೆ ಅದು ಮಾಫಿ ಎಂದು ಉಲಮಾಗಳು ಹೇಳಿದ್ದಾರೆ. ಎಷ್ಟು ಮನೆಗಳಲ್ಲಿ ಹಾಗೆ ನಡೆದಿದೆ? ವಕ್ಫ್ ಆಸ್ತಿಯ ಕಬಳಿಕೆಯ ವಿರುದ್ಧ ಬೀದಿಗಿಳಿಯುವ ನಾವು, 2025ರ ವಕ್ಫ್ ತಿದ್ದುಪಡಿ ಕಾಯ್ದೆ ಬಂದಾಗ ದಾಖಲೆ ಹುಡುಕಲು ಹಗಲಿರುಳು ಓಡಾಡಿದ ನಾವು, ನಮ್ಮ ಮನೆಯೊಳಗಿನ ಕಬಳಿಕೆಗೆ ಏನೆಂದು ಹೆಸರಿಡೋಣ?

ಝಕಾತ್‌ನ ದಿನ ಬದಲಾಗುವ ಮಾತು

ಇನ್ನೊಂದು ಕಪಟವನ್ನೂ ಹೇಳಿಬಿಡಬೇಕು. ಮಾರಿ ಲಾಭ ಪಡೆಯುವ ಉದ್ದೇಶದಿಂದಲೇ ಕೊಂಡ ನಿವೇಶನ ವ್ಯಾಪಾರದ ಸರಕು. ಅದರ ಮಾರುಕಟ್ಟೆ ಬೆಲೆಯ ಮೇಲೆ ಪ್ರತಿ ವರ್ಷ ಶೇ. 2.5 ಝಕಾತ್ ಇದೆ. ಬಾಡಿಗೆಗೆ ಕೊಟ್ಟ ಮನೆಯಾದರೆ ಕಟ್ಟಡದ ಮೇಲಲ್ಲ, ಉಳಿದ ಬಾಡಿಗೆಯ ಹಣದ ಮೇಲೆ. ನೆಂಟರ ಮುಂದೆ "ಇನ್ವೆಸ್ಟ್‌ಮೆಂಟಿಗೆ ಐದು ಸೈಟ್ ಮಾಡಿದ್ದೇನೆ" ಎಂದು ಹೇಳುವವರು ರಮಝಾನ್ ಬಂದೊಡನೆ "ಅವು ಮಕ್ಕಳ ಮನೆಗೆ ಇಟ್ಟದ್ದು" ಎನ್ನುತ್ತಾರೆ. 20 ಲಕ್ಷ ಬೆಲೆಯ ಸೈಟಿಗೆ ವರ್ಷಕ್ಕೆ 50,000 ರೂಪಾಯಿ ಕೊಡಬೇಕಾಗಿ ಬಂದರೆ ಆಗ ಹೂಡಿಕೆಯ ನಿಜವಾದ ಲೆಕ್ಕ ತಿಳಿಯುತ್ತದೆ.

ಆ ಲೆಕ್ಕವನ್ನೂ ಮಾಡೋಣ. 10 ಲಕ್ಷಕ್ಕೆ ಕೊಂಡ ಸೈಟು ಹತ್ತು ವರ್ಷದಲ್ಲಿ 20 ಲಕ್ಷವಾದರೆ ಹಿಗ್ಗುತ್ತೇವೆ. ವರ್ಷಕ್ಕೆ ಅದು ಸುಮಾರು ಶೇ. 7ರ ಬೆಳವಣಿಗೆ ಮಾತ್ರ. ಕೊಳ್ಳುವಾಗ ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್‌ಗಳು, 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ, ದಲ್ಲಾಳಿಯ ಕಮಿಷನ್, ವರ್ಷ ವರ್ಷದ ಕಂದಾಯ, ಬೇಲಿ, ಓಡಾಟ, ಮಾರುವಾಗ ಲಾಭದ ಮೇಲಿನ ತೆರಿಗೆ, ಇವೆಲ್ಲವನ್ನೂ ಕಳೆದರೆ ಉಳಿಯುವುದೆಷ್ಟು? ಆ ಹತ್ತು ವರ್ಷ ಅದೇ 10 ಲಕ್ಷ ಊರಲ್ಲಿದ್ದ ತಮ್ಮನ ಅಂಗಡಿಯಲ್ಲಿ ಬರಹದ ಪಾಲುದಾರಿಕೆಯಾಗಿ ನಿಂತಿದ್ದರೆ?

"ಸೋದರನ ಬಳಿ ಲೆಕ್ಕ ಕೇಳುವುದು ಅವಮಾನವಲ್ಲವೇ?" ಎಂದು ಕೇಳುವವರಿದ್ದಾರೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದರ ಬಗ್ಗೆ ಇದೆಯೆಂದು ಅವರು ನೆನಪಿಸಿಕೊಳ್ಳಲಿ. ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತ. ಕೊಡುಕೊಳ್ಳುವಿಕೆಯನ್ನು ಬರೆದಿಡುವ ಬಗ್ಗೆ, ಸಾಕ್ಷಿಗಳ ಬಗ್ಗೆ. ಬರೆದಿಡುವುದು ಅಪನಂಬಿಕೆಯ ಗುರುತಾಗಿದ್ದರೆ ಆ ಆದೇಶ ಬರುತ್ತಿರಲಿಲ್ಲ. ಲೆಕ್ಕವಿಲ್ಲದ ನಂಬಿಕೆ ನಂಬಿಕೆಯಲ್ಲ, ಸೋಮಾರಿತನ.

"ಕಚೇರಿಗಳ ಅಲೆದಾಟ ನಮಗೆ ಸಾಧ್ಯವಿಲ್ಲ" ಎಂಬುದು ಇನ್ನೊಂದು ನೆಪ. ಒಂದು ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು. ಇಂದು ಭೂಮಿ ತಂತ್ರಾಂಶದಲ್ಲಿ ಪಹಣಿಯನ್ನೂ ಕಾವೇರಿಯಲ್ಲಿ ಋಣಭಾರ ಪತ್ರವನ್ನೂ ರಿಯಾದ್‌ನಲ್ಲಿ ಕುಳಿತೇ ನೋಡಬಹುದು. ತೀರಿಕೊಂಡವರ ಹೆಸರಿನ ಪಹಣಿಗಳನ್ನು ವಾರಸುದಾರರ ಹೆಸರಿಗೆ ತರಲು 2025ರಲ್ಲಿ ಕಂದಾಯ ಇಲಾಖೆಯೇ ಇ-ಪೌತಿ ಆಂದೋಲನ ಹಮ್ಮಿಕೊಂಡಿತು. ದಿನಕ್ಕೆ ನೂರು ವಿಡಿಯೊ ನೋಡುವ ಮೊಬೈಲಿನಲ್ಲಿ ವರ್ಷಕ್ಕೊಮ್ಮೆ ಪಹಣಿ ನೋಡಲು ಸಮಯವಿಲ್ಲವೆಂದರೆ ಒಪ್ಪುವುದು ಹೇಗೆ?

ಮಾಡಬೇಕಾದ್ದು ಕಷ್ಟವಲ್ಲ. ಕೊಳ್ಳುವ ಮುನ್ನ ಮೂಲ ಕಾಗದಗಳನ್ನು ದಲ್ಲಾಳಿಯ ವಕೀಲರಿಗಲ್ಲ, ನಿಮ್ಮ ವಕೀಲರಿಗೆ ತೋರಿಸಿ. ಕೊಂಡ ಮೇಲೆ ಖಾತೆ ಮಾಡಿಸಿ, ಸರ್ವೆಯವರಿಂದ ಹದ್ದುಬಸ್ತು ಮಾಡಿಸಿ, ಬೇಲಿ ಹಾಕಿಸಿ. ಕಂದಾಯದ ರಸೀದಿ ನಿಮ್ಮ ಹೆಸರಿನಲ್ಲಿಯೇ ಇರಲಿ. ಬಾಡಿಗೆಗೆ ಕರಾರು ಪತ್ರವಿರಲಿ, ಹಣ ಬ್ಯಾಂಕಿನ ಮೂಲಕ ಬರಲಿ. ನೋಡಿಕೊಳ್ಳುವವನಿಗೆ ಅವನು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಬರೆದು ಕೊಡಿ, ಬಾಡಿಗೆಯಲ್ಲಿ ಇಂತಿಷ್ಟು ಅವನ ಕೂಲಿಯೆಂದು ನಿಗದಿ ಮಾಡಿ. ಮಾರಾಟದ ಅಧಿಕಾರವಿರುವ ಪತ್ರವನ್ನು ಯಾರಿಗೂ ಬರಿದೇ ಬರೆದುಕೊಡಬೇಡಿ. ವಿದೇಶದಲ್ಲಿ ಬರೆದ ಅಧಿಕಾರ ಪತ್ರಕ್ಕೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಬೇಕು, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಸಾಮಾನ್ಯವಾಗಿ ಬರೆದುಕೊಟ್ಟವನು ಸತ್ತೊಡನೆ ಆ ಪತ್ರವೂ ಸಾಯುತ್ತದೆ ಎಂಬುದನ್ನು ನೋಡಿಕೊಳ್ಳುವವನೂ ತಿಳಿದಿರಲಿ. ತೀರಿಕೊಂಡವರ ಆಸ್ತಿಯನ್ನು ವರ್ಷದೊಳಗೆ ಹಂಚಿ. ಹಂಚಲು ಬಾರದಷ್ಟು ಚಿಕ್ಕ ಮನೆಯಾದರೆ ಒಬ್ಬರು ಇಟ್ಟುಕೊಂಡು ಉಳಿದವರಿಗೆ, ಮೊದಲು ಸೋದರಿಯರಿಗೆ, ಬೆಲೆ ಕೊಡಲಿ.

ಮಸೀದಿ ಸಮಿತಿಗಳಿಗೂ ಒಂದು ಮಾತು. ನಿಕಾಹ್‌ನ ದಾಖಲೆ ಇಡುವ ನೀವು ಮಯ್ಯಿತ್‌ನ ದಾಖಲೆಯನ್ನೂ ಇಡುತ್ತೀರಿ. ದಫನ್ ಆದ ಮೂರು ತಿಂಗಳಿಗೆ ಆ ಮನೆಗೆ ಹೋಗಿ, "ಪಾಲು ಆಯಿತೇ? ಹೆಣ್ಣು ಮಕ್ಕಳಿಗೆ ಮುಟ್ಟಿತೇ?" ಎಂದು ಕೇಳುವ ಒಬ್ಬ ಹಿರಿಯನನ್ನು, ಜೊತೆಗೆ ಒಬ್ಬ ವಕೀಲನನ್ನು ನೇಮಿಸಿ. ಮಿನಾರದ ಬಣ್ಣಕ್ಕೆ ಖರ್ಚಾಗುವ ಹಣದ ಒಂದು ಸಣ್ಣ ಭಾಗ ಇದಕ್ಕೆ ಸಾಕು.

ಮುಂದಿನ ಹಬ್ಬಕ್ಕೆ ಕಾರುಗಳು ಮತ್ತೆ ಬರುತ್ತವೆ. ಈ ಬಾರಿ ಸೈಟು ತೋರಿಸಲು ಹೊರಡುವ ಮುನ್ನ ಬೀರುವಿನಿಂದ ಕಾಗದಗಳನ್ನು ಹೊರಗೆ ತೆಗೆಯಿರಿ. ಯಾರ ಹೆಸರಿದೆ, ಯಾರ ಹೆಸರು ಇರಬೇಕಿತ್ತು ಎಂದು ನೋಡಿ. ಆ ಬಳಿಕ ಕೊರಟಗೆರೆಯಲ್ಲೋ ಪಾವಗಡದಲ್ಲೋ ಇರುವ ಸೋದರಿಯ ಮನೆಗೆ ಹೋಗಿ. ಸೀರೆ ಒಯ್ಯಬೇಡಿ ಎನ್ನುವುದಿಲ್ಲ. ಸೀರೆಯ ಜೊತೆಗೆ ಅವಳ ಪಾಲಿನ ಲೆಕ್ಕವನ್ನೂ ಒಯ್ಯಿರಿ, ಅವಳು ಬದುಕಿರುವಾಗಲೇ.